ಪ್ರತಿಸ್ಪರ್ಧಿಯಿಂದ ವ್ಯಾಪಾರದ ಪ್ರಸ್ತಾವ ಬಂದಾಗ: ಕೊಕ್ಕೊ ಬೆಳೆಗಾರರ ಸಂಘಗಳಿಗೆ ಒಂದು ಪಾಠ

ಬೆಳೆಯನ್ನು ಬೆಳೆಯುವ ಕ್ರಮ, ಗೊಬ್ಬರದ ಪ್ರಮಾಣ, ರೋಗ ಕೀಟಗಳ ಹತೋಟಿ ಇವುಗಳ ಬಗ್ಗೆ ನಮ್ಮ ರೈತರಿಗೆ ಈಗ ಸಾಕಷ್ಟು ತಿಳಿವಳಿಕೆ ಇದೆ. ಆದರೆ ಬೆಳೆದ ಮಾಲನ್ನು ಒಟ್ಟುಗೂಡಿಸಿ ಮಾರುವ ಸಂಘಗಳು ಹೆಚ್ಚಾದಂತೆ ಹೊಸದೊಂದು ಪ್ರಶ್ನೆ ಎದ್ದಿದೆ. ನಿನ್ನೆಯ ತನಕ ಅದೇ ಮಾಲಿಗೆ ಪೈಪೋಟಿ ನಡೆಸುತ್ತಿದ್ದ ವ್ಯಾಪಾರಿಯು ಇಂದು ಸಂಘಕ್ಕೆ ಪತ್ರ ಬರೆದು, "ನಾವಿಬ್ಬರೂ ಕೂಡಿ ವ್ಯಾಪಾರ ಮಾಡೋಣ" ಎಂದರೆ ಏನು ಉತ್ತರ ಕೊಡಬೇಕು? ಸಿಟ್ಟಿನಿಂದ ಪತ್ರವನ್ನು ಮೂಲೆಗೆಸೆಯುವುದೂ ತಪ್ಪು, ದರದ ಆಸೆಯಿಂದ ಅಂದೇ ಸಹಿ ಹಾಕುವುದೂ ತಪ್ಪು. ಅಡಿಕೆ ತೋಟದಲ್ಲಿ ಮಿಶ್ರ ಬೆಳೆಯಾಗಿರುವ ಕೊಕ್ಕೊವನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ಜಿಲ್ಲೆಯ ಅನುಭವ

ಭಾರತದಲ್ಲಿ ಕೊಕ್ಕೊ ಬೇಸಾಯಕ್ಕೆ ವ್ಯಾಪಾರದ ರೂಪ ಬಂದದ್ದು 1965ರ ಅನಂತರ. ಆ ವರ್ಷ ಕ್ಯಾಡ್ಬರಿ ಕಂಪನಿಯು ಕೇರಳದ ವಯನಾಡಿನಲ್ಲಿ ಪ್ರಾತ್ಯಕ್ಷಿಕೆ ತೋಟವನ್ನು ಆರಂಭಿಸಿತು. ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೊ ಚೆನ್ನಾಗಿ ಬರುತ್ತದೆಂಬುದು ವಿಟ್ಲದ ಸಂಶೋಧನಾ ಕೇಂದ್ರದ ಪ್ರಯೋಗಗಳಿಂದಲೂ ಖಚಿತವಾಯಿತು. 2.7 ಮೀಟರ್ ಅಂತರದಲ್ಲಿ ನೆಟ್ಟ ಅಡಿಕೆಯ ಸಾಲುಗಳ ನಡುವೆ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕೊಕ್ಕೊ ನೆಡುವ ಕ್ರಮ ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆಗಳಲ್ಲಿ 1970ರ ದಶಕದಲ್ಲಿ ಬೇಗನೆ ಹರಡಿತು. ಸಸಿ, ಸಲಹೆ, ಕೊಳ್ಳುವ ಭರವಸೆ ಎಲ್ಲವೂ ಕಂಪನಿಯ ಕಡೆಯಿಂದ ದೊರೆಯುತ್ತಿದ್ದುದರಿಂದ ಬೆಳೆಗಾರರು ಮಾರಾಟದ ಚಿಂತೆ ಮಾಡಲಿಲ್ಲ.

1977ರ ಸುಮಾರಿಗೆ ಜಾಗತಿಕ ಮಾರುಕಟ್ಟೆಯಲ್ಲಿ ಕೊಕ್ಕೊ ದರ ಬಹಳ ಮೇಲೇರಿತ್ತು. ಅನಂತರ ಇಳಿಯತೊಡಗಿತು. 1980ರ ಹೊತ್ತಿಗೆ ಕಂಪನಿಗಳ ಖರೀದಿ ಕುಗ್ಗಿತು. ಹಸಿ ಬೀಜವನ್ನು ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದರು. ಎಷ್ಟೋ ಮಂದಿ ಫಲ ಬಿಡುತ್ತಿದ್ದ ಗಿಡಗಳನ್ನೇ ಕಡಿದು ಹಾಕಿದರು. ಆಗ ನೆರವಿಗೆ ಬಂದದ್ದು ಬೆಳೆಗಾರರದೇ ಸಂಸ್ಥೆಯಾದ ಕ್ಯಾಂಪ್ಕೊ. ಕಲ್ಲಡ್ಕದಿಂದ ವಿಟ್ಲದ ಮೂಲಕ ಚೆರ್ಕಳಕ್ಕೆ ಹೋಗುವ ರಸ್ತೆಯಲ್ಲಿ ಸಿಗುವ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ, ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾಗಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಅದು ಸ್ಥಾಪನೆಯಾಗಿತ್ತು. ಅಡಿಕೆಗಾಗಿ ಹುಟ್ಟಿದ ಈ ಸಂಸ್ಥೆ ಕೊಕ್ಕೊ ಖರೀದಿಗೂ ಇಳಿಯಿತು. ಕೊಂಡ ಬೀಜವನ್ನು ಮತ್ತೆ ಅದೇ ಕೆಲವು ಕಂಪನಿಗಳಿಗೆ ಮಾರಬೇಕಾದರೆ ಬೆಳೆಗಾರನ ಸ್ಥಿತಿ ಬದಲಾಗದೆಂದು ಮನಗಂಡು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆಯನ್ನು ಸ್ಥಾಪಿಸಿತು. ಅದನ್ನು ಆಗಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಉದ್ಘಾಟಿಸಿದರು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಈ ಕಾರ್ಖಾನೆ ತನ್ನ ಹೆಸರಿನ ಚಾಕಲೇಟನ್ನು ಮಾರುತ್ತಲೇ, ಅದೇ ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸುವ ನೆಸ್ಲೆ ಕಂಪನಿಗೂ ಗುತ್ತಿಗೆಯ ಮೇಲೆ ಮಾಲು ತಯಾರಿಸಿ ಕೊಟ್ಟಿದೆ. ಅಂದರೆ ಪ್ರತಿಸ್ಪರ್ಧಿಯೊಡನೆ ವ್ಯವಹಾರ ಮಾಡುವುದೇ ತಪ್ಪೆಂದಲ್ಲ. ತನ್ನ ಯಂತ್ರ, ತನ್ನ ಹೆಸರು, ತನ್ನ ಸದಸ್ಯರು ಈ ಮೂರನ್ನು ಕೈಯಲ್ಲಿಟ್ಟುಕೊಂಡು ಮಾಡಬೇಕು. 1980ರಲ್ಲಿ ಕಷ್ಟಕ್ಕೆ ಸಿಕ್ಕಿದವರ ಕೈಯಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ.

ಬೆಲೆಯ ಏರಿಳಿತ ಇಂದಿಗೂ ತಪ್ಪಿಲ್ಲ. 2024ರ ಮಾರ್ಚ್ ತಿಂಗಳಲ್ಲಿ ಜಾಗತಿಕ ವಾಯಿದೆ ಮಾರುಕಟ್ಟೆಯಲ್ಲಿ ಕೊಕ್ಕೊ ದರ ಮೊದಲ ಬಾರಿಗೆ ಟನ್ನಿಗೆ 10,000 ಡಾಲರ್ ದಾಟಿತು. 2025ರಲ್ಲಿ ಅದಕ್ಕಿಂತ ಬಹಳ ಕೆಳಗಿಳಿಯಿತು. ದರ ಏರಿದಾಗ ಪ್ರಸ್ತಾವ ಹೊತ್ತು ಬರುವವರು ಹೆಚ್ಚು, ಇಳಿದಾಗ ಉಳಿಯುವವರು ಕಡಮೆ.

ಒಂದು ಉದಾಹರಣೆ

ತಿಳಿಯಲು ಅನುಕೂಲವಾಗುವಂತೆ ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಕಲ್ಲಡ್ಕ ಪರಿಸರದಲ್ಲಿ ಬೆಳೆಗಾರರ ಒಂದು ಸಂಘವಿದೆಯೆಂದು ಇಟ್ಟುಕೊಳ್ಳಿ. ಅದು ವರ್ಷಕ್ಕೆ 30 ಟನ್ ಹಸಿ ಕೊಕ್ಕೊ ಬೀಜವನ್ನು ಸದಸ್ಯರಿಂದ ಕೊಂಡು, ಹುದುಗು ಬರಿಸಿ, ಒಣಗಿಸಿ ಮಾರುತ್ತದೆ. ಅದೇ ಪೇಟೆಯಲ್ಲಿ ಹಸಿ ಬೀಜ ಕೊಳ್ಳುವ ವ್ಯಾಪಾರಿಯೊಬ್ಬರು ಹೀಗೆ ಪತ್ರ ಬರೆಯುತ್ತಾರೆ:

1. ಸಂಘವು ಹುದುಗು ಬರಿಸುವ ಕೆಲಸ ನಿಲ್ಲಿಸಿ, ಹಸಿ ಬೀಜವನ್ನೆಲ್ಲ ನಮಗೇ ಕೊಡಬೇಕು. ಅವಧಿ 3 ವರ್ಷ.
2. ಮಾರುಕಟ್ಟೆ ದರಕ್ಕಿಂತ ಕಿಲೋಗೆ 8 ರೂ. ಹೆಚ್ಚು ಕೊಡುತ್ತೇವೆ.
3. ನೀರಿನಂಶಕ್ಕಾಗಿ ತೂಕದಲ್ಲಿ ಶೇ. 3 ಕಡಿತ. ಹಣ 30 ದಿನಗಳಲ್ಲಿ. ಸಾಗಣೆ ಸಂಘದ್ದು.
4. ಇನ್ನು ಮುಂದೆ ಇಬ್ಬರೂ ಒಂದೇ ದರಕ್ಕೆ ಕೊಳ್ಳೋಣ. ವಿಟ್ಲದ ಕಡೆ ನಿಮಗೆ, ಬಿ.ಸಿ. ರೋಡಿನ ಕಡೆ ನಮಗೆ.
5. ಬೇಕಾದರೆ ಸಂಘಕ್ಕೆ ಮುಂಗಡ ಹಣವನ್ನೂ ಕೊಡುತ್ತೇವೆ.

ಓದಿದವರಿಗೆ ಎರಡನೆಯ ಸಾಲು ಮಾತ್ರ ದೊಡ್ಡದಾಗಿ ಕಾಣುತ್ತದೆ. 30,000 ಕಿಲೋಗೆ 8 ರೂಪಾಯಿಯಂತೆ 2,40,000 ರೂ. ಕೂತಲ್ಲಿಗೆ ಬಂತಲ್ಲ ಎಂಬ ಭಾವನೆ ಬರುವುದು ಸಹಜ. ಉಳಿದ ಸಾಲುಗಳನ್ನು ಲೆಕ್ಕಕ್ಕೆ ಇಳಿಸಿದ ಮೇಲೆ ಚಿತ್ರ ಬದಲಾಗುತ್ತದೆ.

ಲೆಕ್ಕ ಮಾಡುವ ಕ್ರಮ

ಈ ಕೆಳಗಿನ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಪ್ರತಿಯೊಂದು ಸಂಘವೂ ತನ್ನ ಪುಸ್ತಕದಲ್ಲಿರುವ ಅಂಕಿಗಳನ್ನು ಹಾಕಿಕೊಳ್ಳಬೇಕು. ಸಂಗ್ರಹಣೆಯ ಖರ್ಚು ಎರಡು ಕಡೆಗೂ ಸಮಾನವಾದ್ದರಿಂದ ಅದನ್ನು ಬಿಡಲಾಗಿದೆ. ಹಸಿ ಬೀಜದ ದರ ಕಿಲೋಗೆ 100 ರೂ., ಒಣ ಬೀಜದ ದರ 350 ರೂ., ಮತ್ತು ಮೂರು ಕಿಲೋ ಹಸಿ ಬೀಜಕ್ಕೆ ಒಂದು ಕಿಲೋ ಒಣ ಬೀಜ ಎಂದು ಇಟ್ಟುಕೊಳ್ಳೋಣ.

ಈಗಿನ ಕ್ರಮ, ಸಂಘವೇ ಒಣಗಿಸಿದರೆ:
ಒಣ ಬೀಜ 10,000 ಕಿಲೋ ಮಾರಾಟದಿಂದ – 35,00,000 ರೂ.
ಸದಸ್ಯರಿಗೆ ಕೊಟ್ಟ ಹಣ – 30,00,000 ರೂ.
ಕೂಲಿ, ಸೌದೆ, ಗೋಣಿ, ಸಾಗಣೆ – 2,50,000 ರೂ.
ಬಡ್ಡಿ ಮತ್ತು ವಿಮೆ – 50,000 ರೂ.
ಉಳಿಕೆ – 2,00,000 ರೂ.

ಪ್ರಸ್ತಾವದ ಪ್ರಕಾರ ಕೊಟ್ಟರೆ:
ಶೇ. 3 ಕಡಿತದ ಅನಂತರ 29,100 ಕಿಲೋಗೆ 108 ರೂಪಾಯಿಯಂತೆ – 31,42,800 ರೂ.
ಸದಸ್ಯರಿಗೆ ಕೊಟ್ಟ ಹಣ – 30,00,000 ರೂ.
ಸದಸ್ಯರಿಗೆ 8 ದಿನಗಳಲ್ಲಿ ಕೊಟ್ಟು, ವ್ಯಾಪಾರಿಯಿಂದ 30 ದಿನಗಳಿಗೆ ಪಡೆದರೆ 22 ದಿನಗಳ ಬಡ್ಡಿ, ಶೇ. 12ರಂತೆ – ಸುಮಾರು 21,700 ರೂ.
ಸಾಗಣೆ, ಕಿಲೋಗೆ 1 ರೂ. – 30,000 ರೂ.
ಉಳಿಕೆ – 91,100 ರೂ.

ಕಣ್ಣಿಗೆ ಕಂಡ 2,40,000 ರೂಪಾಯಿಯಲ್ಲಿ 1,48,900 ರೂ. ಮೂರನೆಯ ಸಾಲಿನಲ್ಲೇ ಕರಗಿಹೋಯಿತು. ದರದ ಸಾಲಿನಲ್ಲಿ ಒಂದಕ್ಷರವೂ ಬದಲಾಗಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಆದುದರಿಂದ ಚೌಕಾಸಿಯನ್ನು ದರದ ಮೇಲೆ ಮಾಡುವುದಕ್ಕಿಂತ ತೂಕ, ಹಣ ಕೊಡುವ ದಿನ, ಸಾಗಣೆ ಇವುಗಳ ಮೇಲೆ ಮಾಡುವುದು ಹೆಚ್ಚು ಫಲಕಾರಿ.

ನಮ್ಮ ದೌರ್ಬಲ್ಯವನ್ನೂ ನೋಡಬೇಕು

ಇಷ್ಟು ನೋಡಿ "ಪ್ರಸ್ತಾವ ಬೇಡ" ಎಂದು ಹೇಳಿಬಿಡುವುದು ಸುಲಭ. ಆದರೆ ಸ್ವಂತ ಲೆಕ್ಕದ 2,00,000 ರೂ. ಎಷ್ಟು ಗಟ್ಟಿ ಎಂಬುದನ್ನೂ ಪರೀಕ್ಷಿಸಬೇಕು. ಒಣ ಬೀಜದ ದರ 350ರಿಂದ 330 ರೂಪಾಯಿಗೆ ಇಳಿದರೆ ಉಳಿಕೆ ಸೊನ್ನೆಯಾಗುತ್ತದೆ. ದರ ಇಳಿಯದೆ, ಮೂರು ಕಿಲೋ ಬದಲು 3.2 ಕಿಲೋ ಹಸಿ ಬೀಜಕ್ಕೆ ಒಂದು ಕಿಲೋ ಒಣ ಬೀಜ ಬಂದರೂ ಸಾಕು, ಒಣ ಮಾಲು 9,375 ಕಿಲೋಗೆ ಇಳಿದು ಸಂಘವು ಕೈಯಿಂದ 18,750 ರೂ. ಕಳೆದುಕೊಳ್ಳುತ್ತದೆ.

ಇಂತಹ ನಷ್ಟ ಹೆಚ್ಚಾಗಿ ಆಗುವುದು ಮಳೆಗಾಲದಲ್ಲಿ. ಕೊಕ್ಕೊದಲ್ಲಿ ಮುಖ್ಯ ಫಸಲು ಏಪ್ರಿಲ್‌ನಿಂದ ಜೂನ್ ತನಕ ಮತ್ತು ಸೆಪ್ಟೆಂಬರ್‌ನಿಂದ ಜನವರಿ ತನಕ ಬರುತ್ತದೆ. ನೀರಾವರಿ ಇರುವಲ್ಲಿ ವರ್ಷವಿಡೀ ಅಷ್ಟಿಷ್ಟು ಕಾಯಿ ಸಿಗುತ್ತದೆ. ಮಳೆಗಾಲದಲ್ಲಿ ಕಪ್ಪು ಕಾಯಿ ರೋಗದ ಕಾಯಿಗಳು ಸೇರಿಕೊಳ್ಳುತ್ತವೆ, ಬೀಜದಲ್ಲಿ ನೀರು ಹೆಚ್ಚು, ಬಿಸಿಲು ಇಲ್ಲ. ಹುದುಗು ಬರಿಸಲು 6 ದಿನ ಬೇಕು. ನಡುವೆ ಮೂರನೆಯ ಮತ್ತು ಐದನೆಯ ದಿನ ರಾಶಿಯನ್ನು ಮಗುಚಬೇಕು. ಅನಂತರ ನೀರಿನಂಶ ಶೇ. 6ರಿಂದ 7ಕ್ಕೆ ಇಳಿಯುವ ತನಕ ಒಣಗಿಸಬೇಕು. ಒಣಗಿಸುವ ಮನೆ ಚಿಕ್ಕದಿದ್ದರೆ ಬೀಜ ಬೂಸ್ಟು ಹಿಡಿಯುತ್ತದೆ, ಸೌದೆಯ ಹೊಗೆ ತಾಗಿದರೆ ವಾಸನೆ ಬಂದು ದರ ಬೀಳುತ್ತದೆ.

ಪ್ರತಿಸ್ಪರ್ಧಿಯ ಪ್ರಸ್ತಾವ ಉಪಯೋಗಕ್ಕೆ ಬರುವುದು ಈ ಜಾಗದಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕದ ಸುಮಾರು 10 ಟನ್ ಹಸಿ ಬೀಜವನ್ನು ತಿದ್ದಿದ ಕರಾರಿನ ಮೇಲೆ, ಅಂದರೆ ಕಡಿತವಿಲ್ಲದೆ, 8 ದಿನಗಳಲ್ಲಿ ಹಣ, ಸಾಗಣೆ ಅವರದು ಎಂಬ ಷರತ್ತಿನ ಮೇಲೆ ಕೊಟ್ಟು, ಉಳಿದ 20 ಟನ್ನನ್ನು ಸಂಘವೇ ಒಣಗಿಸಿದರೆ ಫಲ ಹೀಗಿರುತ್ತದೆ. ಒಣಗಿಸುವ ಖರ್ಚು ಪ್ರಮಾಣಕ್ಕೆ ತಕ್ಕಂತೆ ಇಳಿಯುವುದೆಂದು ಇಟ್ಟುಕೊಂಡಿದೆ.

ಒಣ ಬೀಜಕ್ಕೆ 350 ರೂ. ಇದ್ದಾಗ: ಎಲ್ಲವನ್ನೂ ಒಣಗಿಸಿದರೆ 2,00,000 ರೂ.; ಹಂಚಿದರೆ ಸುಮಾರು 2,13,300 ರೂ.; ತಿದ್ದಿದ ಕರಾರಿನ ಮೇಲೆ ಎಲ್ಲವನ್ನೂ ಹಸಿಯಾಗಿ ಕೊಟ್ಟರೆ 2,40,000 ರೂ.
330 ರೂ. ಆದಾಗ: ಕ್ರಮವಾಗಿ ಸೊನ್ನೆ, 80,000 ರೂ.; 2,40,000 ರೂ.
370 ರೂ. ಆದಾಗ: ಕ್ರಮವಾಗಿ 4,00,000 ರೂ.; ಸುಮಾರು 3,46,700 ರೂ.; 2,40,000 ರೂ.

ಹಾಗಾದರೆ ತಿದ್ದಿದ ಕರಾರಿನ ಮೇಲೆ ಎಲ್ಲವನ್ನೂ ಏಕೆ ಕೊಟ್ಟುಬಿಡಬಾರದು ಎಂದು ಕೇಳಬಹುದು. ಕಾಗದದ ಮೇಲೆ ಅದು ಭದ್ರವಾಗಿಯೇ ಕಾಣುತ್ತದೆ. ಆದರೆ ಮೂರು ವರ್ಷ ಹುದುಗು ಪೆಟ್ಟಿಗೆಗಳು ಖಾಲಿ ಬಿದ್ದರೆ ಗೆದ್ದಲು ಹಿಡಿಯುತ್ತದೆ; ಮಗುಚಿ, ಮೂಸಿ, ಕೊಯ್ದು ನೋಡಿ ಬೀಜದ ಹದ ತಿಳಿಯುವ ಆಳು ಬೇರೆ ಕೆಲಸಕ್ಕೆ ಹೋಗುತ್ತಾನೆ; ಒಣ ಬೀಜ ಕೊಳ್ಳುತ್ತಿದ್ದವರು ನಮ್ಮನ್ನು ಮರೆಯುತ್ತಾರೆ. ನಾಲ್ಕನೆಯ ವರ್ಷ ವ್ಯಾಪಾರಿ 8 ರೂಪಾಯಿಯನ್ನು ಹಿಂದಕ್ಕೆ ತೆಗೆದುಕೊಂಡರೆ ಸಂಘಕ್ಕೆ ಬೇರೆ ದಾರಿ ಇರುವುದಿಲ್ಲ. 1980ರ ಪಾಠವೂ ಇದೇ. ಹಂಚಿ ಕೊಡುವುದರಿಂದ ಸಿಗುವುದು ಕೇವಲ ಹಣವಲ್ಲ, ನಾಳೆ "ಇಲ್ಲ" ಎನ್ನುವ ಶಕ್ತಿ.

ಕೇಳಲೇಬೇಕಾದ ಪ್ರಶ್ನೆಗಳು

ಮಾರುಕಟ್ಟೆ ದರ ಎಂದರೆ ಯಾರ ದರ? ಕೊಳ್ಳುವವನೇ ದರ ಹೇಳಿ ಅದಕ್ಕೆ 8 ರೂ. ಸೇರಿಸಿದರೆ ಆ ಎಂಟಕ್ಕೆ ಅರ್ಥವಿಲ್ಲ. ಕ್ಯಾಂಪ್ಕೊದಂತಹ ಸಂಸ್ಥೆ ಆ ದಿನ ಪ್ರಕಟಿಸಿದ ಹಸಿ ಬೀಜದ ಖರೀದಿ ದರವನ್ನು ಆಧಾರವಾಗಿಡಬೇಕೆಂದು ಕರಾರಿನಲ್ಲಿ ಬರೆಸಬೇಕು.

ತೂಕ ಎಲ್ಲಿ, ಯಾವಾಗ? ಕಾಯಿ ಒಡೆದ ಹಸಿ ಬೀಜದಿಂದ ಲೋಳೆ ಇಳಿದು ತೂಕ ಗಂಟೆಗಂಟೆಗೂ ಕಡಮೆಯಾಗುತ್ತದೆ. ಸಂಘದ ಅಂಗಳದಲ್ಲೇ, ಕಾಯಿ ಒಡೆದ ದಿನವೇ ತೂಕವಾಗಬೇಕು. ತಕ್ಕಡಿಗೆ 2009ರ ಕಾನೂನು ಮಾಪನ ಶಾಸ್ತ್ರ ಕಾಯಿದೆಯಂತೆ ಮುದ್ರೆ ಬಿದ್ದಿರಬೇಕು.

ಬೇಡವೆನ್ನುವ ಮಾಲು ಯಾವುದು? "ಗುಣಮಟ್ಟ ಸರಿಯಿಲ್ಲದಿದ್ದರೆ" ಎಂದಷ್ಟೇ ಬರೆದರೆ ದರ ಇಳಿದ ದಿನ ಎಲ್ಲ ಮಾಲೂ ಕೆಟ್ಟದ್ದಾಗುತ್ತದೆ. ಮೊಳೆತ ಬೀಜ, ಕಪ್ಪು ಕಾಯಿಯ ಬೀಜ, ಸಿಪ್ಪೆ ಮತ್ತು ನಡುದಿಂಡಿನ ಚೂರು ಎಂದು ಬಿಡಿಸಿ ಬರೆಸಬೇಕು. ಇಬ್ಬರ ಎದುರಿನಲ್ಲಿ, ತೂಕದ ಹೊತ್ತಿನಲ್ಲೇ ನೋಡಿ ಮುಗಿಸಬೇಕು.

ಕರಾರು ಮುರಿಯುವುದು ಹೇಗೆ? ಎರಡೂ ಕಡೆಗೆ ಒಂದೇ ನಿಯಮವಿರಬೇಕು. ಮೊದಲ ವರ್ಷಕ್ಕೆ ಒಂದು ಮಳೆಗಾಲದ ಅವಧಿ ಸಾಕು.

ಮುಂಗಡ ಏಕೆ ಕೊಡುತ್ತಾರೆ? ಅಡಿಕೆ ವ್ಯಾಪಾರದ ಹಳೆಯ ಅನುಭವವುಳ್ಳವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಗಡ ಪಡೆದವನಿಗೆ ದರ ಕೇಳುವ ಬಾಯಿ ಇರುವುದಿಲ್ಲ. ದುಡಿಮೆಯ ಬಂಡವಾಳ ಬೇಕಿದ್ದರೆ ಸಹಕಾರಿ ಬ್ಯಾಂಕಿನಿಂದ ಪಡೆಯುವುದು ಲೇಸು.

ಒಪ್ಪಲೇಬಾರದ ಅಂಶ

ಪತ್ರದ ನಾಲ್ಕನೆಯ ಸಾಲು ಬೇರೆ ಜಾತಿಯದು. ಪೈಪೋಟಿಯಲ್ಲಿರುವ ಇಬ್ಬರು ಕೂಡಿ ಖರೀದಿ ದರವನ್ನು ಗೊತ್ತು ಮಾಡುವುದು, ಊರುಗಳನ್ನು ಹಂಚಿಕೊಳ್ಳುವುದು 2002ರ ಸ್ಪರ್ಧಾ ಕಾಯಿದೆಯ 3ನೆಯ ಕಲಮಿಗೆ ವಿರುದ್ಧ. ಕಾನೂನಿನ ಮಾತು ಹಾಗಿರಲಿ, ಬೆಳೆಗಾರನಿಗೆ ಎರಡು ಅಂಗಡಿ ಇದ್ದದ್ದು ಒಂದಾಗುತ್ತದೆ. ಬೆಳೆಗಾರರಿಗಾಗಿ ಹುಟ್ಟಿದ ಸಂಘವೇ ಅವರ ಆಯ್ಕೆಯನ್ನು ಕಿತ್ತುಕೊಂಡಂತಾಗುತ್ತದೆ. ಇಂತಹ ಮಾತಿಗೆ ಮೌನವಾಗಿರುವುದೂ ಸರಿಯಲ್ಲ, ಬರಹದಲ್ಲಿಯೇ ನಿರಾಕರಿಸಬೇಕು. ಮಾಲನ್ನೆಲ್ಲ ಒಬ್ಬರಿಗೇ ಕೊಡಬೇಕೆಂಬ ಷರತ್ತಿಗೆ ಸಹಿ ಹಾಕುವ ಮೊದಲು ವಕೀಲರ ಸಲಹೆ ಅಗತ್ಯ.

ಮಾತುಕತೆಯ ನಡುವೆ ಸದಸ್ಯರ ಪಟ್ಟಿ, ಯಾರಿಂದ ಎಷ್ಟು ಮಾಲು ಬರುತ್ತದೆ, ಒಣ ಬೀಜ ಯಾರಿಗೆ ಯಾವ ದರಕ್ಕೆ ಹೋಗುತ್ತದೆ ಎಂಬ ವಿವರಗಳನ್ನು ಕೊಡಬಾರದು. ಎಷ್ಟೋ ಪ್ರಸ್ತಾವಗಳ ಉದ್ದೇಶ ಕರಾರಲ್ಲ, ಈ ಮಾಹಿತಿ.

ಉತ್ತರ ಕೊಡುವ ಕ್ರಮ

ಪತ್ರ ತಲುಪಿದ ವಾರದೊಳಗೆ "ತಲುಪಿದೆ, ಪರಿಶೀಲಿಸುತ್ತೇವೆ" ಎಂದು ಎರಡು ಸಾಲಿನ ಉತ್ತರ ಕಳುಹಿಸಬೇಕು. ಅನಂತರ ಲೆಕ್ಕದ ಹಾಳೆಯನ್ನು ಆಡಳಿತ ಮಂಡಳಿಯ ಮುಂದಿಡಬೇಕು. ಆ ವ್ಯಾಪಾರಿಯೊಡನೆ ಸಾಲ ಅಥವಾ ಸಂಬಂಧ ಇರುವ ನಿರ್ದೇಶಕರು ಚರ್ಚೆಯಿಂದ ಹೊರಗುಳಿಯಬೇಕು. ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ಬರೆದ ಮೇಲೆಯೇ ಉತ್ತರ ಹೋಗಬೇಕು. ಕಲ್ಲಡ್ಕದ ಕೆ.ಟಿ. ಕುಡಿಯುತ್ತ ಎದುರಾಳಿಯೊಡನೆ ಮಾತನಾಡಲು ಅಡ್ಡಿಯಿಲ್ಲ; ಆದರೆ ಅಲ್ಲಿ ಆಡಿದ್ದು ಕರಾರಲ್ಲ ಎಂಬುದು ಇಬ್ಬರಿಗೂ ತಿಳಿದಿರಬೇಕು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆ ವ್ಯಾಪಾರಕ್ಕೂ ಸಲ್ಲುತ್ತದೆ.

ಉತ್ತರದ ಮಾದರಿ ಹೀಗಿರಬಹುದು:

"ಮಾನ್ಯರೇ, ತಮ್ಮ ಪತ್ರವನ್ನು ನಮ್ಮ ಆಡಳಿತ ಮಂಡಳಿಯು ಪರಿಶೀಲಿಸಿದೆ. ನಮ್ಮೊಡನೆ ವ್ಯವಹರಿಸಲು ತಾವು ತೋರಿದ ಆಸಕ್ತಿಗೆ ವಂದನೆಗಳು. ಸಂಘವು ಹುದುಗು ಬರಿಸುವ ಕೆಲಸವನ್ನು ಮುಂದುವರಿಸಲಿರುವುದರಿಂದ ಎಲ್ಲ ಮಾಲನ್ನೂ ಕೊಡಲು ಸಾಧ್ಯವಿಲ್ಲ. ಜೂನ್ ಒಂದರಿಂದ ಸೆಪ್ಟೆಂಬರ್ ಕೊನೆಯ ತನಕ 10 ಟನ್ ಮೀರದಂತೆ ಹಸಿ ಬೀಜವನ್ನು ಈ ಷರತ್ತುಗಳ ಮೇಲೆ ಕೊಡಲು ಸಿದ್ಧರಿದ್ದೇವೆ: ಆ ದಿನ ಪ್ರಕಟವಾದ ಕ್ಯಾಂಪ್ಕೊ ಖರೀದಿ ದರದ ಮೇಲೆ ಕಿಲೋಗೆ 8 ರೂ.; ತೂಕ ಮತ್ತು ಗುಣಮಟ್ಟದ ತಪಾಸಣೆ ಸಂಘದ ಅಂಗಳದಲ್ಲಿ, ಕಡಿತವಿಲ್ಲ; ಹಣ 8 ದಿನಗಳಲ್ಲಿ; ಸಾಗಣೆ ತಮ್ಮದು. ಮುಂಗಡದ ಅಗತ್ಯ ನಮಗಿಲ್ಲ. ಖರೀದಿ ದರವನ್ನು ಕೂಡಿ ಗೊತ್ತು ಮಾಡುವ ಮತ್ತು ಊರುಗಳನ್ನು ಹಂಚಿಕೊಳ್ಳುವ ಸಲಹೆಯನ್ನು ನಾವು ಒಪ್ಪುವುದಿಲ್ಲ. ಆ ವಿಷಯದಲ್ಲಿ ಮುಂದೆ ಮಾತುಕತೆ ಬೇಡ. ಒಪ್ಪಿಗೆಯಾದಲ್ಲಿ 15 ದಿನಗಳಲ್ಲಿ ತಿಳಿಸಬೇಕಾಗಿ ವಿನಂತಿ."

ಈ ಪತ್ರದಲ್ಲಿ ಬಿರುಸಿನ ಮಾತಿಲ್ಲ, ಬೇಡಿಕೆಯ ದನಿಯೂ ಇಲ್ಲ. ನಾಳೆ ವ್ಯಾಪಾರಿ ಒಪ್ಪದಿದ್ದರೂ ಬಾಗಿಲು ಮುಚ್ಚಿದಂತಾಗುವುದಿಲ್ಲ. ಒಂದೇ ಪೇಟೆಯಲ್ಲಿ ಬದುಕುವವರಿಗೆ ಇದು ಮುಖ್ಯ.

ನೆನಪಿಡಬೇಕಾದ ಅಂಶಗಳು

1. ಪ್ರಸ್ತಾವವನ್ನು ದರದಿಂದ ಅಳೆಯದೆ, ಎಲ್ಲ ಷರತ್ತು ಕಳೆದ ಮೇಲಿನ ಉಳಿಕೆಯಿಂದ ಅಳೆಯಿರಿ.
2. ಹಸಿ ಮತ್ತು ಒಣ ಬೀಜದ ತೂಕವನ್ನು ತಿಂಗಳುವಾರು ಬರೆದಿಡಿ. ಈ ಪುಸ್ತಕವಿಲ್ಲದ ಸಂಘಕ್ಕೆ ಯಾವ ಪ್ರಸ್ತಾವಕ್ಕೂ ಸರಿಯಾದ ಉತ್ತರ ಕೊಡಲು ಬರುವುದಿಲ್ಲ.
3. ನಮಗೆ ಕಷ್ಟವಾಗುವ ಕಾಲದ ಮಾಲನ್ನು ಕೊಡಿ, ಸಂಸ್ಕರಣೆಯ ಕೆಲಸವನ್ನು ಕೊಡಬೇಡಿ.
4. ದರ ಕಟ್ಟುವ, ಊರು ಹಂಚುವ ಮಾತನ್ನು ಬರಹದಲ್ಲಿ ನಿರಾಕರಿಸಿ.
5. ಮೊದಲ ಕರಾರು ಚಿಕ್ಕದಾಗಿರಲಿ.

ವಿಸ್ತರಣಾ ಕಾರ್ಯಕರ್ತರು ಮುಂಗಾರಿಗೆ ಮೊದಲೇ ಸಂಘಗಳ ಸಭೆಯಲ್ಲಿ ಈ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಮಾಡಿ ತೋರಿಸಿದರೆ ಒಳ್ಳೆಯದು. ಸಂಘದ್ದೇ ಅಂಕಿಗಳನ್ನು ಹಾಕಿ, ಸದಸ್ಯರಿಂದಲೇ ಕೂಡಿಸಿ ಕಳೆಯಿಸಬೇಕು. ಕೈಯಾರೆ ಒಮ್ಮೆ ಲೆಕ್ಕ ಮಾಡಿದ ಬೆಳೆಗಾರನು ಎಂಟು ರೂಪಾಯಿಯ ಸಾಲನ್ನು ಓದಿ ಅಲ್ಲಿಗೇ ನಿಲ್ಲಲಾರ. ಕೆಳಗಿನ ಸಾಲುಗಳನ್ನೂ ಓದುತ್ತಾನೆ.